ಡಿಸ್ಟಿಲರಿ ಬರುವ ಮುನ್ನ: ಪರಿಸರ ಅಹವಾಲು ಸಭೆಗೆ ಊರು ತಯಾರಾಗುವ ಬಗೆ

ಘಟಪ್ರಭಾ ದಂಡೆಯ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆ ಪಕ್ಕಕ್ಕೆ ಡಿಸ್ಟಿಲರಿ ಬರುತ್ತದಂತೆ ಎಂಬ ಸುದ್ದಿ ಮೊದಲು ಚಹಾದಂಗಡಿಯಲ್ಲಿ ಹುಟ್ಟುತ್ತದೆ, ಪತ್ರಿಕೆಯಲ್ಲಿ ಆಮೇಲೆ ಬರುತ್ತದೆ. ಆದರೆ ಲೆಕ್ಕ ಶುರುವಾಗುವುದು ಪತ್ರಿಕೆಯಲ್ಲಿ ಬಂದ ದಿನದಿಂದ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೆಸರಿನಲ್ಲಿ, ಒಂದು ರಾಷ್ಟ್ರೀಯ ದಿನಪತ್ರಿಕೆ ಮತ್ತು ಒಂದು ಕನ್ನಡ ದಿನಪತ್ರಿಕೆಯಲ್ಲಿ, ‘ಪರಿಸರ ಸಾರ್ವಜನಿಕ ಆಲಿಕೆ’, ಅಂದರೆ ಅಹವಾಲು ಸಭೆ, ಎಂಬ ತಲೆಬರಹದ ಪ್ರಕಟಣೆ ಬರುತ್ತದೆ. ಅಲ್ಲಿಂದ ಸಭೆಯವರೆಗೆ ಜನರಿಗೆ ಕನಿಷ್ಠ 30 ದಿನ ಕೊಡಬೇಕು ಎನ್ನುವುದು 2006ರ ಸೆಪ್ಟೆಂಬರ್ 14ರ ಪರಿಸರ ಆಘಾತ ಅಂದಾಜಿನ ಅಧಿಸೂಚನೆಯ ನಿಯಮ. ಹಾಗಾಗಿ ಪತ್ರಿಕೆಯ ಆ ಹಾಳೆಯನ್ನು ತಾರೀಖು ಕಾಣುವ ಹಾಗೆ ಕತ್ತರಿಸಿ ಇಟ್ಟುಕೊಳ್ಳುವುದೇ ಮೊದಲ ಕೆಲಸ. ಮುಂದೆ ತಕರಾರು ಬಂದರೆ ಅದೇ ದಾಖಲೆ.

ಇಂಥ ಸಭೆಗೆ ತಯಾರಾದ, ಅಲ್ಲಿ ಮಾತಾಡಿದ, ಆಮೇಲೆ ನಡಾವಳಿಯ ಪ್ರತಿಗಾಗಿ ಕಚೇರಿ ಸುತ್ತಿದ ನಾವು ಕೆಲವರು ಕೂಡಿ ಇದನ್ನು ಬರೆದಿದ್ದೇವೆ. ಕಾರ್ಖಾನೆ ಬೇಡ ಎನ್ನುವುದು ನಮ್ಮ ವಾದವಲ್ಲ. ಕಬ್ಬು ಬೆಳೆಯುವವರು ನಾವೇ, ಕಾರ್ಖಾನೆ ನಿಂತರೆ ಗಾಣಕ್ಕೂ ಗತಿಯಿಲ್ಲ. ಎಥನಾಲ್ ದುಡ್ಡು ಬಂದರೆ ಕಬ್ಬಿನ ಬಿಲ್ ಬೇಗ ಬರುತ್ತದೆ ಎಂಬ ಮಾತಿನಲ್ಲೂ ಹುರುಳಿದೆ. ನಮ್ಮ ಪ್ರಶ್ನೆ ಇಷ್ಟೇ: ಬರುವುದಾದರೆ ಯಾವ ಷರತ್ತಿನ ಮೇಲೆ ಬರಬೇಕು, ಆ ಷರತ್ತು ಕಾಗದದ ಮೇಲೆ ಹೇಗೆ ಮೂಡಬೇಕು?

ಎಲ್ಲಕ್ಕಿಂತ ಮುಂಚೆ, ಅಹವಾಲು ಸಭೆ ನಡೆಯುತ್ತದೋ ಇಲ್ಲವೋ ನೋಡಿಕೊಳ್ಳಬೇಕು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಯ ಸಾಮರ್ಥ್ಯ ದಿನಕ್ಕೆ 100 ಕಿಲೋಲೀಟರ್ ಮೀರಿದರೆ ಅರ್ಜಿ ದಿಲ್ಲಿಯ ಪರಿಸರ ಮಂತ್ರಾಲಯಕ್ಕೆ ಹೋಗುತ್ತದೆ. ಅದರೊಳಗಿದ್ದರೆ ಪರಿಸರ ಅನುಮತಿ ಕೊಡುವ, ಬೆಂಗಳೂರಿನಲ್ಲಿರುವ ರಾಜ್ಯ ಪ್ರಾಧಿಕಾರಕ್ಕೆ. ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗಷ್ಟೇ ಮೀಸಲಾದ ಕೆಲವು ಬಗೆಯ ಘಟಕಗಳನ್ನು 2021ರ ತಿದ್ದುಪಡಿಗಳು ‘ಬಿ2’ ವರ್ಗಕ್ಕೆ ಸರಿಸಿದವು. ಆ ವರ್ಗಕ್ಕೆ ಸೇರಿದರೆ ಅಹವಾಲೂ ಇಲ್ಲ, ವಿವರವಾದ ವರದಿಯೂ ಇಲ್ಲ. ಅರ್ಜಿ ಯಾವ ವರ್ಗದ್ದು ಎಂಬುದು ಪರಿಸರ ಮಂತ್ರಾಲಯದ ‘ಪರಿವೇಶ್’ ಜಾಲತಾಣದಲ್ಲಿ ಕಾರ್ಖಾನೆಯ ಹೆಸರು ಹಾಕಿದರೆ ಸಿಗುತ್ತದೆ. ಊರಲ್ಲಿ ಪದವಿ ಓದುವ ಹುಡುಗರಿಗೆ ಹೇಳಿದರೆ ಕೆಲಸ ಆಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಈ ಸಭೆಯಲ್ಲಿ ಯಾರೂ ಒಪ್ಪಿಗೆ ಕೊಡುವುದಿಲ್ಲ, ಯಾರೂ ತಿರಸ್ಕರಿಸುವುದಿಲ್ಲ. ಅಧ್ಯಕ್ಷತೆ ವಹಿಸುವವರು ಜಿಲ್ಲಾಧಿಕಾರಿ, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಅವರ ಪ್ರತಿನಿಧಿ. ಕೇಳಿ ಬರೆದುಕೊಂಡು ಮೇಲಕ್ಕೆ ಕಳಿಸುವುದಷ್ಟೇ ಅವರ ಕೆಲಸ. ಕೈ ಎತ್ತಿಸಿ ಮತ ಎಣಿಸುವುದಿಲ್ಲ. ಎಷ್ಟು ಜನ ಬರಬೇಕೆಂಬ ಕೋರಂ ಕೂಡ ಇಲ್ಲ. ಅಂದರೆ ಬಹಿಷ್ಕಾರ ಹಾಕಿದರೆ ಸಭೆ ನಿಲ್ಲುವುದಿಲ್ಲ, ಖಾಲಿ ಕುರ್ಚಿಗಳ ಮುಂದೆ ನಡೆದು ಮುಗಿಯುತ್ತದೆ. ಗದ್ದಲ ಎಬ್ಬಿಸಿ ಶಾಮಿಯಾನ ಕಿತ್ತರೆ ಇನ್ನೂ ಕೆಡುಕು. ‘ಸ್ಥಳೀಯ ಪರಿಸ್ಥಿತಿಯಿಂದ ಜನ ಮುಕ್ತವಾಗಿ ಮಾತಾಡುವಂತೆ ಸಭೆ ನಡೆಸಲು ಸಾಧ್ಯವಿಲ್ಲ’ ಎಂದು ವರದಿ ಹೋದರೆ, ಅಹವಾಲು ಸಭೆಯೇ ಬೇಡ ಎಂದು ಪ್ರಾಧಿಕಾರ ತೀರ್ಮಾನಿಸಲು ಅದೇ ಅಧಿಸೂಚನೆಯಲ್ಲಿ ಅವಕಾಶವಿದೆ. ಸಿಟ್ಟು ಬಂದವರಿಗೆ ಇದನ್ನು ಹಿಂದಿನ ದಿನವೇ ಕೂರಿಸಿ ಹೇಳಬೇಕು.

ಕಾರ್ಖಾನೆ ಸಲಹಾ ಸಂಸ್ಥೆಯಿಂದ ಬರೆಸಿದ ಪರಿಸರ ಆಘಾತದ ವರದಿ ಸಿಗುವ ಜಾಗಗಳು: ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸಂಬಂಧಪಟ್ಟ ಗ್ರಾಮ ಪಂಚಾಯಿತಿ, ಮಾಲಿನ್ಯ ಮಂಡಳಿಯ ಪ್ರಾದೇಶಿಕ ಕಚೇರಿ. ಕರಡು ವರದಿ ಇಂಗ್ಲಿಷಿನಲ್ಲಿ ನೂರಾರು ಪುಟ ಇರುತ್ತದೆ. ಕನ್ನಡದಲ್ಲಿರುವುದು ಸಾರಾಂಶ ಮಾತ್ರ. ಪಂಚಾಯಿತಿಗೆ ಹೋದರೆ “ಬಂದೈತಿ, ಪಿಡಿಒ ಸಾಹೇಬ್ರ ಕಪಾಟಿನ್ಯಾಗ ಐತಿ, ಕೀಲಿ ಅವರ ಕಡೆ” ಎಂಬ ಉತ್ತರ ಸಿಗುವುದುಂಟು. ಆಗ ಜಗಳಕ್ಕೆ ನಿಲ್ಲದೆ, ‘ಇಂಥ ದಿನ ಇಂಥ ಹೊತ್ತಿಗೆ ಬಂದೆವು, ವರದಿ ನೋಡಲು ಸಿಗಲಿಲ್ಲ’ ಎಂದು ಎರಡು ಸಾಲು ಬರೆದು ಆವಕ ನಂಬರ್ ಹಾಕಿಸಿಕೊಂಡು ಬರುವುದು ಲೇಸು. ಮರುದಿನ ಕಪಾಟು ತೆರೆಯುತ್ತದೆ. ತೆರೆಯದಿದ್ದರೂ ಆ ಕಾಗದ ಸಭೆಯಲ್ಲಿ ಓದಲು ಬರುತ್ತದೆ.

ಇಡೀ ವರದಿ ಒಬ್ಬರೇ ಓದಲು ಕೂತರೆ ದಿನ ಮುಗಿದುಹೋಗುತ್ತದೆ. ಎಲ್ಲ ವರದಿಗಳ ಅಧ್ಯಾಯದ ಸಾಲು ಹೆಚ್ಚುಕಡಿಮೆ ಒಂದೇ, ಏಕೆಂದರೆ ಅಧಿಸೂಚನೆಯೇ ಅದನ್ನು ಗೊತ್ತುಮಾಡಿದೆ. 2ನೇ ಅಧ್ಯಾಯ ಯೋಜನೆಯ ವಿವರ, 3 ಈಗಿರುವ ಪರಿಸರದ ಸ್ಥಿತಿ, 4 ಆಗಬಹುದಾದ ಪರಿಣಾಮ, 10 ನಿರ್ವಹಣಾ ಯೋಜನೆ. ಈ ನಾಲ್ಕನ್ನು ಹೈಸ್ಕೂಲ್ ಮಾಸ್ತರು, ಕೃಷಿ ಡಿಪ್ಲೊಮಾ ಮಾಡಿದವರು, ಮೋಟರ್ ರಿಪೇರಿಯವರು ಹೀಗೆ ಅವರವರಿಗೆ ತಿಳಿಯುವಂತೆ ಹಂಚಿಕೊಂಡರೆ ಸಾಕು. ಕೊನೆಯ ಅಧ್ಯಾಯದಲ್ಲಿ ಸಲಹಾ ಸಂಸ್ಥೆಯ ಮಾನ್ಯತೆಯ ವಿವರ ಇರುತ್ತದೆ, ಅವಧಿ ಮುಗಿದಿದೆಯೇ ಎಂದು ಒಮ್ಮೆ ನೋಡಿ. ಬೇರೆ ಕಾರ್ಖಾನೆಯ ವರದಿಯಿಂದ ನಕಲು ಮಾಡಿದ ಸಾಲುಗಳೂ ಸಿಗುತ್ತವೆ. ನಿಮ್ಮ ತಾಲ್ಲೂಕಿನಲ್ಲಿ ಇಲ್ಲದ ನದಿ, ಇಲ್ಲದ ಗುಡ್ಡದ ಹೆಸರು ಕಂಡರೆ ಪುಟ ಸಂಖ್ಯೆ ಬರೆದಿಟ್ಟುಕೊಳ್ಳಿ.

2ನೇ ಅಧ್ಯಾಯದಲ್ಲಿ ಮೊದಲು ಮಾಡಬೇಕಾದ ಲೆಕ್ಕ ಕಾಕಂಬಿಯದು. ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆಗೆ 60 ಕಿಲೋಲೀಟರ್ ಡಿಸ್ಟಿಲರಿ ಎಂದು ಇಟ್ಟುಕೊಳ್ಳಿ. ಒಂದು ಟನ್ ಕಬ್ಬಿಗೆ ಕೊನೆಯ ಕಾಕಂಬಿ, ಅಂದರೆ ಸಿ-ಹೆವಿ, ಸುಮಾರು 45 ಕೆಜಿ ಬರುತ್ತದೆ. ಆ ಕಾಕಂಬಿಯ ಒಂದು ಟನ್ನಿಗೆ ಸುಮಾರು 225 ಲೀಟರ್ ಮದ್ಯಸಾರ. ಹಾಗಾದರೆ 60 ಕಿಲೋಲೀಟರಿಗೆ ದಿನಕ್ಕೆ ಸುಮಾರು 265 ಟನ್ ಕಾಕಂಬಿ ಬೇಕು. ಕಾರ್ಖಾನೆ ಕೊಡುವುದು 225 ಟನ್, ಅದೂ ಹಂಗಾಮು ನಡೆಯುವ 150 ದಿನ ಮಾತ್ರ. ಡಿಸ್ಟಿಲರಿ 330 ದಿನ ಓಡಿಸುತ್ತೇವೆ ಎಂದು ವರದಿ ಹೇಳಿದರೆ ವರ್ಷಕ್ಕೆ 87 ಸಾವಿರ ಟನ್ ಬೇಕಾಯಿತು, ಮನೆಯಲ್ಲಿ ಹುಟ್ಟುವುದು 34 ಸಾವಿರ ಟನ್ನಿನೊಳಗೆ. ಉಳಿದ 53 ಸಾವಿರ ಟನ್ ಹೊರಗಿನಿಂದ ಬರಬೇಕು. 20 ಟನ್ನಿನ ಟ್ಯಾಂಕರ್ ಲೆಕ್ಕದಲ್ಲಿ ವರ್ಷಕ್ಕೆ 2,600ಕ್ಕೂ ಹೆಚ್ಚು ಗಾಡಿ, ಊರೊಳಗಿನ ರಸ್ತೆಯ ಮೇಲೆ. ಸಂಚಾರದ ಪರಿಚ್ಛೇದದಲ್ಲಿ ಈ ಗಾಡಿಗಳ ಸುಳಿವೇ ಇರುವುದಿಲ್ಲ. ಬಿ-ಹೆವಿ, ಅಂದರೆ ಸಕ್ಕರೆ ಇನ್ನೂ ಹೆಚ್ಚು ಉಳಿದಿರುವ ನಡುವಿನ ಹಂತದ ಕಾಕಂಬಿ, ಅಥವಾ ಕಬ್ಬಿನ ಹಾಲನ್ನೇ ಬಳಸುತ್ತೇವೆ ಎಂದರೆ ಲೆಕ್ಕ ಬದಲಾಗುತ್ತದೆ. ಹಾಗಾದರೆ ಅದನ್ನು ವರದಿಯಲ್ಲಿ ಬರೆಯಲಿ ಎಂದು ಕೇಳಬೇಕು.

ಎರಡನೆಯ ಲೆಕ್ಕ ಸ್ಪೆಂಟ್‌ವಾಶಿನದು. ಊರಿಗೆ ನಿಜವಾದ ಭಯ ಇದೇ. ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್ ಕಡುಕಂದು ಬಣ್ಣದ, ಬಿಸಿಯಾದ, ಹುಳಿ ವಾಸನೆಯ ಈ ನೀರು ಉಳಿಯುತ್ತದೆ. ಹತ್ತರ ಲೆಕ್ಕ ಹಿಡಿದರೂ 60 ಕಿಲೋಲೀಟರ್ ಘಟಕದಿಂದ ದಿನಕ್ಕೆ 6 ಲಕ್ಷ ಲೀಟರ್. ನೀರು ಎಷ್ಟು ಕೊಳೆಯಾಗಿದೆ ಎಂದು ಹೇಳುವ ಬಿಒಡಿ ಅಂಕಿ ಊರಿನ ಚರಂಡಿ ನೀರಿಗೆ ಲೀಟರಿಗೆ 200-300 ಮಿಲಿಗ್ರಾಂ ಇರುತ್ತದೆ, ಸ್ಪೆಂಟ್‌ವಾಶಿಗೆ 40 ಸಾವಿರ ದಾಟುತ್ತದೆ. ಹಳ್ಳಕ್ಕೆ ಬಿದ್ದರೆ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಇದೇ ನುಂಗುತ್ತದೆ, ಮೀನು ತೇಲುತ್ತವೆ. ಬಣ್ಣ ಮಾತ್ರ ಎಷ್ಟು ದೂರ ಹೋದರೂ ತಿಳಿಯಾಗುವುದಿಲ್ಲ.

ಇದನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ವರದಿಯಲ್ಲಿ ಎರಡು ಬಗೆಯ ಉತ್ತರ ಇರುತ್ತದೆ. ಒಂದು, ಆವಿಯಾಗಿಸಿ ಗಟ್ಟಿಮಾಡಿ ಬಾಯ್ಲರಿನಲ್ಲಿ ಸುಡುವುದು. ಇನ್ನೊಂದು, ಪ್ರೆಸ್‌ಮಡ್, ಅಂದರೆ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿಯ ಜೊತೆ ಕಲಸಿ ಕಾಂಪೋಸ್ಟ್ ಮಾಡುವುದು. ಸುಡುವ ಪದ್ಧತಿಯಲ್ಲಿ ಕೇಳಬೇಕಾದ್ದು: ಬಾಯ್ಲರ್ ಕೆಟ್ಟು ನಿಂತ ದಿನ ಡಿಸ್ಟಿಲರಿಯೂ ನಿಲ್ಲುತ್ತದೆಯೇ, ಇಲ್ಲವಾದರೆ ಆ 6 ಲಕ್ಷ ಲೀಟರ್ ಎಲ್ಲಿಗೆ? ಸ್ಪೆಂಟ್‌ವಾಶ್ ಕೂಡಿಡುವ ಹೊಂಡದ ಸಾಮರ್ಥ್ಯ ಎಷ್ಟು ದಿನದ್ದು, ತಳಕ್ಕೆ ಹಾಸಿದ ಹಾಳೆ ಎಷ್ಟು ದಪ್ಪದ್ದು, ಸುತ್ತ ನೀರು ಪರೀಕ್ಷಿಸುವ ಬೋರು ಎಷ್ಟು, ಯಾವ ದಿಕ್ಕಿಗೆ? ಕಾಂಪೋಸ್ಟ್ ಪದ್ಧತಿಯಲ್ಲಿ ಕಾಟ ಮಳೆಗಾಲದ್ದು. ಕಬ್ಬಿನ ಶೇ 3ರಿಂದ 4ರಷ್ಟು ಮಾತ್ರ ಪ್ರೆಸ್‌ಮಡ್ ಬರುತ್ತದೆ, ಅದು ಕುಡಿಯುವ ಸ್ಪೆಂಟ್‌ವಾಶಿಗೆ ಒಂದು ಮಿತಿಯಿದೆ. ಮಳೆಯಲ್ಲಿ ಅಂಗಳದ ರಾಶಿ ತೊಯ್ದರೆ ಕಂದು ನೀರು ಪಕ್ಕದ ಹೊಲಕ್ಕಿಳಿಯುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಡಿಸ್ಟಿಲರಿ ನಡೆಯುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ನೇರ ಉತ್ತರ ಬಂದರೆ ಅರ್ಧ ಕತೆ ತಿಳಿಯುತ್ತದೆ. ‘ಶೂನ್ಯ ವಿಸರ್ಜನೆ’, ಅಂದರೆ ಒಂದು ಹನಿ ಕೊಳೆ ನೀರೂ ಹೊರಗೆ ಬಿಡುವುದಿಲ್ಲ ಎಂಬ ಮಾತು ವರದಿಯ ಪ್ರತಿ ಹತ್ತು ಪುಟಕ್ಕೊಮ್ಮೆ ಬರುತ್ತದೆ. ಅದಕ್ಕೆ ಬೆರಗಾಗಬೇಡಿ, ನೀರಿನ ಜಮಾಖರ್ಚು ತೋರಿಸುವ ನಕ್ಷೆಯನ್ನು ಕೂಡಿಸಿ ಕಳೆದು ನೋಡಿ. ಒಳಗೆ ಬಂದ ನೀರು, ಆವಿಯಾಗಿದ್ದು, ಮರುಬಳಕೆಯಾದದ್ದು, ಗಿಡಕ್ಕೆ ಬಿಟ್ಟದ್ದು, ಇವು ಒಂದಕ್ಕೊಂದು ತಾಳೆಯಾಗಬೇಕು. ಆಗದಿದ್ದರೆ ಎಷ್ಟು ವ್ಯತ್ಯಾಸ ಎಂದು ಬರೆದುಕೊಳ್ಳಿ. ಆ ನೀರು ನದಿಯಿಂದ ಎತ್ತುವುದಾದರೆ ಏಪ್ರಿಲ್-ಮೇನಲ್ಲಿ ಘಟಪ್ರಭೆ ಬತ್ತಿದಾಗ ಎಲ್ಲಿಂದ ಎಂದೂ ಕೇಳಿ. ಸಕ್ಕರೆ ಕಾರ್ಖಾನೆಗೆ ಬೇಸಿಗೆಯಲ್ಲಿ ರಜೆ, ಡಿಸ್ಟಿಲರಿಗೆ ಇಲ್ಲ.

3ನೇ ಅಧ್ಯಾಯದಲ್ಲಿ ತಾರೀಖು ನೋಡುವುದು ಮುಖ್ಯ. ಸುತ್ತಲಿನ 10 ಕಿಲೋಮೀಟರಿನ ಗಾಳಿ, ನೀರು, ಸದ್ದು, ಮಣ್ಣಿನ ಪರೀಕ್ಷೆಯನ್ನು ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ ಮಾಡಿರುತ್ತಾರೆ. ಮಾರ್ಚ್‌ನಿಂದ ಮೇ ಎಂದು ಬರೆದಿದ್ದರೆ ಅಲ್ಲೇ ನಿಲ್ಲಿ. ನಮ್ಮ ಕಡೆ ಕಬ್ಬು ನುರಿಯುವುದು ನವೆಂಬರ್ ಹೊತ್ತಿಗೆ ಶುರುವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಬಾಯ್ಲರ್ ಆರಿದ ಮೇಲೆ ಗಾಳಿ ಅಳೆದರೆ ಧೂಳು ಮಿತಿಯೊಳಗೆ ಬರುವುದರಲ್ಲಿ ಆಶ್ಚರ್ಯವೇನು? ಪಿಎಂ10, ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಧೂಳಿಗೆ, 24 ತಾಸಿನ ಮಿತಿ ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಂ. ಕಾರ್ಖಾನೆ ನಿಂತಾಗ ಅಳೆದು ವರದಿಯಲ್ಲಿ ಬರೆದ, ಉದಾಹರಣೆಗೆ 62 ಎಂಬ ಅಂಕಿಗೂ ಹಂಗಾಮಿನಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಬೀಳುವ ಕರಿ ಬೂದಿಗೂ ಸಂಬಂಧವಿಲ್ಲ. ರಸ್ತೆಯ ಗಾಡಿ ಎಣಿಕೆಯದೂ ಇದೇ ಕತೆ. ಹಂಗಾಮಿನಲ್ಲಿ 5,000 ಟನ್ ಕಬ್ಬು ಎರಡು ಟ್ರೇಲರ್‌ಗಳ ಟ್ರ್ಯಾಕ್ಟರಿನಲ್ಲಿ ತಲಾ 20 ಟನ್ನಿನಂತೆ ಬಂದರೆ ದಿನಕ್ಕೆ 250 ಗಾಡಿ, ಖಾಲಿ ಮರಳುವುದು ಸೇರಿದರೆ 500 ಓಡಾಟ. ಶಾಲೆಯ ಗೇಟಿನವರೆಗೂ ಸಾಲು ನಿಂತಿರುತ್ತದೆ. ಮೇ ತಿಂಗಳಲ್ಲಿ ಎಣಿಸಿದರೆ ಅಲ್ಲಿ ಎಮ್ಮೆಗಳು ಮಾತ್ರ ಸಿಗುತ್ತವೆ. ಗಾಳಿಯ ದಿಕ್ಕನ್ನೂ ಪರೀಕ್ಷೆಯ ಜಾಗಗಳ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಳಿಗಾಲದಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ, ಹಾಗಾಗಿ ಬೂದಿ ಬೀಳುವುದು ಕಾರ್ಖಾನೆಯ ಪಡುವಣ ದಿಕ್ಕಿನ ಊರಿಗೆ. ಆ ಊರಿನಲ್ಲಿ ಯಂತ್ರ ಇಟ್ಟಿದ್ದರೇ?

ವರದಿಯ ತಪ್ಪು ತೋರಿಸುವುದಕ್ಕಿಂತ ಗಟ್ಟಿಯಾದ ಕೆಲಸ ಊರೇ ತನ್ನ ನೀರನ್ನು ಪರೀಕ್ಷಿಸಿ ಇಟ್ಟುಕೊಳ್ಳುವುದು. ಡಿಸ್ಟಿಲರಿ ಶುರುವಾಗುವ ಮುಂಚಿನ ಅಂಕಿ ಇಲ್ಲದಿದ್ದರೆ ಮುಂದೆ ಬಾವಿ ಕೆಟ್ಟಾಗ “ನಿಮ್ಮ ಬಾವಿ ಮೊದಲೇ ಹಾಗಿತ್ತು” ಎನ್ನುತ್ತಾರೆ, ಅದಕ್ಕೆ ನಮ್ಮ ಬಳಿ ಉತ್ತರ ಇರುವುದಿಲ್ಲ. ಕಾರ್ಖಾನೆಯಿಂದ ಇಳಿಜಾರಿನ ಕಡೆ ಮೂರು, ಏರಿನ ಕಡೆ ಒಂದು, ಹೀಗೆ ನಾಲ್ಕು ಬಾವಿ-ಬೋರುಗಳಾದರೂ ಇರಲಿ. ಏರಿನ ಕಡೆಯದು ಹೋಲಿಕೆಗೆ ಬೇಕೇ ಬೇಕು. ಬೋರನ್ನು ಹತ್ತು ನಿಮಿಷ ಓಡಿಸಿ ಪೈಪಿನ ಹಳೆ ನೀರು ಹೋದ ಮೇಲೆ ಹಿಡಿಯಬೇಕು. ಎರಡು ಲೀಟರಿನ ಹೊಸ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಗಾಳಿಗೆ ಜಾಗವಿಲ್ಲದಂತೆ ಬಾಯಿತನಕ ತುಂಬಿ ಮುಚ್ಚಬೇಕು. ತಂಪು ಪಾನೀಯದ ಹಳೆ ಬಾಟಲಿ ಬೇಡ, ಸಕ್ಕರೆಯ ಅಂಶ ಉಳಿದರೂ ಸಿಒಡಿ (ಬಿಒಡಿಯಂತೆ ಕೊಳೆ ಅಳೆಯುವ ಇನ್ನೊಂದು ಅಂಕಿ) ಏರಿ ನಗೆಪಾಟಲಾಗುತ್ತದೆ. ಚೀಟಿಯ ಮೇಲೆ ಸರ್ವೆ ನಂಬರ್, ಬೋರಿನ ಆಳ, ದಿನ, ಹೊತ್ತು, ಹಿಡಿದವರ ಸಹಿ. ಫೋನಿನಲ್ಲಿ ಜಾಗದ ಗುರುತು ಬರುವ ಫೋಟೋ. ಮಂಜುಗಡ್ಡೆ ಹಾಕಿದ ಡಬ್ಬಿಯಲ್ಲಿಟ್ಟು 24 ತಾಸಿನೊಳಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು, ತಡವಾದರೆ ಬಿಒಡಿ ಅಂಕಿಗೆ ಬೆಲೆಯಿಲ್ಲ. ಪಿಡಿಒ ಅಥವಾ ತಲಾಟಿ ಎದುರು ಪಂಚನಾಮೆ ಮಾಡಿಸಿದರೆ ಇನ್ನೂ ಭದ್ರ. ಅವರು ಬರದಿದ್ದರೆ ಇಬ್ಬರು ಪಂಚರ ಸಹಿ ಸಾಕು.

ಯಾವ ಅಂಶ ಪರೀಕ್ಷಿಸಬೇಕು? ಪಿಎಚ್, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಮೊತ್ತ), ಗಡಸುತನ, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಪೊಟ್ಯಾಶಿಯಂ, ಬಣ್ಣ, ಬಿಒಡಿ, ಸಿಒಡಿ. ಇಲ್ಲಿ ಒಂದು ಎಚ್ಚರ. ನಮ್ಮ ಕಬ್ಬಿನ ಹೊಲಗಳಿಗೆ ನಾವೇ ಸುರಿದ ಯೂರಿಯಾದಿಂದ ಎಷ್ಟೋ ಬಾವಿಗಳ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45 ಮಿಲಿಗ್ರಾಂ ದಾಟಿರುತ್ತದೆ. ಅದೊಂದನ್ನೇ ಹಿಡಿದು ಕಾರ್ಖಾನೆಯ ಮೇಲೆ ಹೊರಿಸಿದರೆ ಮಾತು ಬಿದ್ದುಹೋಗುತ್ತದೆ. ಸ್ಪೆಂಟ್‌ವಾಶಿನ ಗುರುತು ಇರುವುದು ಬಣ್ಣ, ಸಿಒಡಿ, ಪೊಟ್ಯಾಶಿಯಂ ಮತ್ತು ಟಿಡಿಎಸ್ ಕೂಡಿ ಏರುವುದರಲ್ಲಿ. ಪೊಟ್ಯಾಶಿಯಂ ಒಂದೇ ಏರಿದ್ದರೆ ಅದು ಪೊಟ್ಯಾಶ್ ಗೊಬ್ಬರದಿಂದಲೂ ಬಂದಿರಬಹುದು.

ಲಿಖಿತ ಆಕ್ಷೇಪಣೆಗೂ ಬಾಯಿಮಾತಿನಷ್ಟೇ ತೂಕ ಇದೆ, ಸಭೆಗೆ ಮುಂಚೆಯೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡಬಹುದು. ಎರಡು ಪ್ರತಿ ಒಯ್ದು ಒಂದಕ್ಕೆ ಮುದ್ರೆ ಹಾಕಿಸಿಕೊಳ್ಳಿ. ಒಂದೇ ಅರ್ಜಿಯನ್ನು ಝೆರಾಕ್ಸ್ ಮಾಡಿ ಮುನ್ನೂರು ಜನ ಸಹಿ ಹಾಕಿ ಕೊಟ್ಟರೆ ಅದು ಲೆಕ್ಕಕ್ಕೆ ಒಂದೇ ಆಕ್ಷೇಪಣೆ. ಹತ್ತು ಜನ ಹತ್ತು ಬೇರೆ ವಿಷಯ ಬರೆದರೆ ಹತ್ತು. ಪ್ರತಿ ಆಕ್ಷೇಪಣೆಯಲ್ಲಿ ಮೂರು ತುಂಡು ಇರಲಿ: ವರದಿಯ ಪುಟ ಸಂಖ್ಯೆ, ಅಲ್ಲಿ ಹೇಳಿದ್ದು, ಅದು ಏಕೆ ಸರಿಯಲ್ಲ ಅಥವಾ ಬದಲಿಗೆ ಏನು ಬೇಕು. ‘ಪುಟ ಇಷ್ಟರಲ್ಲಿ ಗಾಳಿಯ ಪರೀಕ್ಷೆ ಮಾರ್ಚ್‌ನಿಂದ ಮೇವರೆಗೆ ಎಂದಿದೆ, ಆಗ ಕಾರ್ಖಾನೆ ನಡೆಯುತ್ತಿರಲಿಲ್ಲ, ಹಂಗಾಮಿನಲ್ಲಿ ಮತ್ತೆ ಅಳೆದು ವರದಿ ಕೊಡಬೇಕು’ — ಇಷ್ಟು ಸಾಕು. ‘ಕಾರ್ಖಾನೆಯಿಂದ ಜನಜೀವನ ಅಸ್ತವ್ಯಸ್ತ’ ಎಂದು ಬರೆದರೆ ಉತ್ತರವಾಗಿ ‘ಎಲ್ಲ ಮುನ್ನೆಚ್ಚರಿಕೆ ಕೈಗೊಳ್ಳಲಾಗುವುದು’ ಎಂಬ ಸಾಲು ಬರುತ್ತದೆ, ಅಷ್ಟೇ.

ಕಬ್ಬಿನ ದರ ಮತ್ತು ಬಾಕಿ ಬಿಲ್ಲಿನ ಮಾತನ್ನು ಈ ಸಭೆಗೆ ತರಬೇಡಿ ಎಂದರೆ ನಮ್ಮವರಿಗೇ ಸಿಟ್ಟು ಬರುತ್ತದೆ. ಆದರೂ ಹೇಳಲೇಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಅದಕ್ಕೆ ಸಕ್ಕರೆ ಆಯುಕ್ತರ ದಾರಿ ಬೇರೆ. ಇಲ್ಲಿ ಅದನ್ನು ಎತ್ತಿದರೆ ಮೊದಲ ಒಂದು ತಾಸು ಅದರಲ್ಲೇ ಹೋಗಿ, ನಡಾವಳಿಯಲ್ಲಿ ‘ಪರಿಸರಕ್ಕೆ ಸಂಬಂಧಿಸಿದ್ದಲ್ಲ’ ಎಂದು ಬೀಳುತ್ತದೆ. ಬಿಲ್ ಬಾಕಿ ಇರುವವರು ಬಾಯಿ ಬಿಡಲು ಹೆದರುವುದೂ ಸಹಜ. ನಾಳೆ ಕಟಾವಿನ ಪಾಳಿ ಹಿಂದಕ್ಕೆ ಹೋದರೆ ಕಬ್ಬು ಹೊಲದಲ್ಲೇ ಒಣಗುತ್ತದೆ. ಅವರಿಂದ ಮಾತಾಡಿಸಬೇಡಿ, ಅವರ ವಿಷಯವನ್ನು ಕಬ್ಬು ಬೆಳೆಯದವರು ಹೇಳಲಿ. ಕೂಲಿಯವರು, ಅಂಗಡಿಯವರು, ಅಂಗನವಾಡಿ ಅಕ್ಕನವರು ಯಾರ ಹಂಗಿಗೂ ಬೀಳದೆ ಮಾತಾಡುತ್ತಾರೆ.

ಈ ಸಭೆಯಲ್ಲಿ ಎಂದೂ ಕಾಣದವರು ಕಟಾವು ಗ್ಯಾಂಗಿನವರು. ಸಭೆ ಬೇಸಿಗೆಯಲ್ಲಿ ನಡೆದರೆ ಅವರು ಊರಲ್ಲೇ ಇರುವುದಿಲ್ಲ, ಮಹಾರಾಷ್ಟ್ರದ ಬೀಡ್ ಕಡೆಯವರೋ ವಿಜಯಪುರದ ಕಡೆಯವರೋ ತಮ್ಮ ಊರಿಗೆ ಮರಳಿರುತ್ತಾರೆ. ಹಂಗಾಮಿನಲ್ಲಿ ಕಾರ್ಖಾನೆಯ ಬೇಲಿ ಪಕ್ಕ ತಾಡಪತ್ರಿ ಗುಡಿಸಲು, ಕುಡಿಯಲು ಕಾಲುವೆ ನೀರು, ಹೆಣ್ಣುಮಕ್ಕಳಿಗೆ ಶೌಚಕ್ಕೆ ಜೋಳದ ಹೊಲ. ಮಕ್ಕಳು ಐದು ತಿಂಗಳು ಶಾಲೆಯಿಂದ ದೂರ. ವರದಿಯ ಸಾಮಾಜಿಕ ಅಧ್ಯಾಯದಲ್ಲಿ ಇವರ ಲೆಕ್ಕ ಸಿಗುವುದು ಅಪರೂಪ. ಊರಿನವರಾದರೂ ಇವರ ಪರವಾಗಿ ನಲ್ಲಿ ಎಷ್ಟು, ಶೌಚಾಲಯ ಎಷ್ಟು ಎಂದು ಬರೆಸಬೇಕು. ಇದು ಊರಿನ ಚರಂಡಿಯ ಪ್ರಶ್ನೆಯೂ ಹೌದು.

ಸಭೆಯ ದಿನ ಕಾರ್ಖಾನೆಯ ಜಾಗದಲ್ಲಿ ಅಥವಾ ಅದರ ಹತ್ತಿರ ಶಾಮಿಯಾನ, ಪೊಲೀಸರು, ಊಟದ ವ್ಯವಸ್ಥೆ. ಬೇರೆ ಊರುಗಳಿಂದ ಗಾಡಿಯಲ್ಲಿ ಬಂದವರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಮೊದಲು ಮಾತಾಡಿ ಸ್ವಾಗತ ಹೇಳುವವರೂ ಅವರೇ. ಬೇಗ ಹೋಗಿ ಹಾಜರಿ ಪುಸ್ತಕದಲ್ಲಿ ಹೆಸರು, ಊರು ಸ್ಪಷ್ಟವಾಗಿ ಬರೆಯಿರಿ. ಹಾಜರಿ ಪಟ್ಟಿಯನ್ನು ನಡಾವಳಿಗೆ ಲಗತ್ತಿಸುತ್ತಾರೆ. ಮಾತಾಡುವವರ ಹೆಸರನ್ನೂ ಆಗಲೇ ಕೊಡಿ. ಕಾರ್ಖಾನೆಯವರ ವಿವರಣೆ ಮುಗಿದ ಮೇಲೆ ಅಲ್ಲಿರುವ ಪ್ರತಿಯೊಬ್ಬರಿಗೂ ಕೇಳುವ ಹಕ್ಕಿದೆ. ಮೂರು ನಿಮಿಷಕ್ಕಿಂತ ಹೆಚ್ಚು ಸಿಗುತ್ತದೆಂದು ನಂಬಬೇಡಿ. ಹೇಳಿದ್ದನ್ನು ಕಾಗದದಲ್ಲೂ ಬರೆದು ವೇದಿಕೆಗೆ ಕೊಡಿ. ಮಂಡಳಿಯವರು ವಿಡಿಯೊ ತೆಗೆಯಲೇಬೇಕು, ಆದರೂ ನಿಮ್ಮದೊಂದು ಫೋನ್ ಮೊದಲಿನಿಂದ ಕೊನೆಯತನಕ ಓಡುತ್ತಿರಲಿ.

ಊಟದ ಹೊತ್ತಿಗೆ ಮುಕ್ಕಾಲು ಜನ ಎದ್ದು ಹೋಗುತ್ತಾರೆ. ಕೆಲಸ ಕೆಡುವುದೇ ಆಗ. ಸಭೆಯ ಕೊನೆಗೆ, ಎದ್ದ ಪ್ರಶ್ನೆಗಳ ಸಾರಾಂಶವನ್ನು ಕನ್ನಡದಲ್ಲಿ ಜನರೆದುರು ಓದಿ ಹೇಳಬೇಕು, ಆಮೇಲೆಯೇ ಜಿಲ್ಲಾಧಿಕಾರಿಯ ಸಹಿ. ಆ ಓದು ಹೇಗಿರುತ್ತದೆ ನೋಡಿ. ಹಳ್ಳದ ದಂಡೆಯ ಅಜ್ಜಿಯೊಬ್ಬಳು ಎದ್ದು “ಸಾಹೇಬ್ರ, ಹ್ವಾದ ವರ್ಷ ಸಂಕ್ರಾಂತಿ ಮುಂದ ಹಳ್ಳದ ನೀರ ಚಾದ ಬಣ್ಣ ಆಗಿತ್ತು, ನನ್ನ ಎಮ್ಮಿ ಮೂಸಿ ನೋಡಿ ಹಿಂದ ಸರೀತು, ನಾಕ ದಿನ ಬ್ಯಾರೆ ಕಡೆಯಿಂದ ನೀರ ಹೊತ್ತ ಹಾಕೀನಿ” ಎಂದಿರುತ್ತಾಳೆ. ಅದರಲ್ಲಿ ಜಾಗ, ಕಾಲ, ಬಣ್ಣ, ಪರಿಣಾಮ ಎಲ್ಲ ಇದೆ. ನಡಾವಳಿಗೆ ಅದು ‘ಸ್ಥಳೀಯರು ಜಲಮಾಲಿನ್ಯದ ಬಗ್ಗೆ ಆತಂಕ ವ್ಯಕ್ತಪಡಿಸಿದರು’ ಎಂದು ಇಳಿಯುತ್ತದೆ. ಅಲ್ಲೇ ಎದ್ದು, “ಸರ, ಆ ಯಮ್ಮ ಹೇಳಿದ ತಿಂಗಳು, ಹಳ್ಳದ ಹೆಸರು, ನೀರಿನ ಬಣ್ಣ ಬರೀರಿ” ಎಂದು ಹೇಳುವ ಹತ್ತು ಜನ ಉಪವಾಸ ಇದ್ದಾದರೂ ಕೊನೆಯವರೆಗೆ ಕೂರಬೇಕು. ಸೌಜನ್ಯದಿಂದ ಕೇಳಿದರೆ ಅಧಿಕಾರಿಗಳು ತಿದ್ದುತ್ತಾರೆ. ಒಮ್ಮೆ ಸಹಿ ಬಿದ್ದ ಮೇಲೆ ತಿದ್ದಿಸುವುದು ಬೆಟ್ಟ ಅಗೆದ ಹಾಗೆ.

ಕಾರ್ಖಾನೆಯವರ ಉತ್ತರವನ್ನೂ ಹಾಗೆಯೇ ಹಿಡಿಯಬೇಕು. “ಊರಿನ ಅಭಿವೃದ್ಧಿಗೆ ಸದಾ ಬದ್ಧರಿದ್ದೇವೆ” ಎಂಬುದಕ್ಕೆ ಬೆಲೆಯಿಲ್ಲ. ಮೊದಲು ಪರಿಸರ ಮಂತ್ರಾಲಯದ 2018ರ ಮೇ 1ರ ಸುತ್ತೋಲೆ ಬಂಡವಾಳದ ಇಂತಿಷ್ಟು ಶೇಕಡಾ ಹಣವನ್ನು ಸುತ್ತಲಿನ ಊರುಗಳಿಗೆ ಇಡಬೇಕೆಂದು ಹೇಳಿತ್ತು. 2020ರ ಸೆಪ್ಟೆಂಬರ್ 30ರ ಸುತ್ತೋಲೆ ಅದನ್ನು ತೆಗೆದು, ಅಹವಾಲಿನಲ್ಲಿ ಎದ್ದ ಸಮಸ್ಯೆಗೆ ಕಾರ್ಖಾನೆ ಕೊಟ್ಟ ಮಾತನ್ನು ಎಣಿಸಿ ಅಳೆಯಬಹುದಾದ ಕೆಲಸವಾಗಿ ಪರಿಸರ ನಿರ್ವಹಣಾ ಯೋಜನೆಯಲ್ಲಿ ಸೇರಿಸಬೇಕೆಂದಿತು. ಹೀಗಾಗಿ ಈಗ ಸಭೆಯಲ್ಲಿ ಹೇಳಿಸಿದ್ದೇ ಬಂಡವಾಳ. ‘ಶಾಲೆಗೆ ನೆರವು’ ಬೇಡ, ‘ಇಂಥ ಶಾಲೆಗೆ ಇಂತಿಷ್ಟು ಲೀಟರಿನ ಶುದ್ಧ ನೀರಿನ ಘಟಕ, ಇಂಥ ವರ್ಷದೊಳಗೆ, ನಿರ್ವಹಣೆ ಯಾರದು’ ಎಂದು ಬರೆಸಿ. ‘ರಸ್ತೆ ಸುಧಾರಣೆ’ ಬೇಡ, ಕಬ್ಬಿನ ಗಾಡಿ ರಸ್ತೆಯ ಮೇಲೆ ನಿಲ್ಲದಂತೆ ಆವರಣದೊಳಗೆ ಎಷ್ಟು ಎಕರೆಯ ಗಾಡಿಕಟ್ಟೆ ಎಂದು ಕೇಳಿ. ‘ಸ್ಥಳೀಯರಿಗೆ ಉದ್ಯೋಗ’ ಎಂದರೆ ಕಾಯಂ ಎಷ್ಟು, ಗುತ್ತಿಗೆ ಎಷ್ಟು ಎಂದು ಬಿಡಿಸಿ. ಇದನ್ನು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ಹಣದ ಜೊತೆ ಕಲಸಬೇಡಿ. ಅದು 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಬಾಬ್ತು, ನಿಗದಿತ ಗಾತ್ರ ಮೀರಿದ ಕಂಪನಿಗೆ ಮಾತ್ರ ಅನ್ವಯ, ಖರ್ಚಿನ ಲೆಕ್ಕ ಲಾಭದ ಮೇಲೆ. ಸಹಕಾರಿ ಸಕ್ಕರೆ ಕಾರ್ಖಾನೆ ಕಂಪನಿಯೇ ಅಲ್ಲ, ಅದಕ್ಕೆ ಸಿಎಸ್‌ಆರ್ ಕೇಳಿದರೆ ನಕ್ಕು ಕಳಿಸುತ್ತಾರೆ. ಪರಿಸರ ಷರತ್ತು ಮಾತ್ರ ಲಾಭವಿರಲಿ ನಷ್ಟವಿರಲಿ, ಕಂಪನಿಯಾಗಲಿ ಸಹಕಾರಿಯಾಗಲಿ, ಎಲ್ಲರಿಗೂ ಒಂದೇ.

ಸಭೆ ಮುಗಿದ 8 ದಿನದೊಳಗೆ ಮಂಡಳಿ ನಡಾವಳಿಯನ್ನು ಪ್ರಾಧಿಕಾರಕ್ಕೆ ಕಳಿಸಬೇಕು. ಒಂದು ಪ್ರತಿಯನ್ನು ಪಂಚಾಯಿತಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ನಿಮ್ಮ ವಿಡಿಯೊ ಜೊತೆ ಹೋಲಿಸಿ, ಬಿಟ್ಟುಹೋದದ್ದನ್ನು ಪಟ್ಟಿ ಮಾಡಿ ತಡಮಾಡದೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಮೇಲ್ ಮಾಡಿ. ಕಾರ್ಖಾನೆ ಪ್ರತಿ ಪ್ರಶ್ನೆಗೂ ಉತ್ತರ ಸೇರಿಸಿ ಅಂತಿಮ ವರದಿ ಕೊಡುತ್ತದೆ, ತಜ್ಞರ ಸಮಿತಿ ಅದನ್ನು ಪರಿಶೀಲಿಸುತ್ತದೆ. ಸಮಿತಿಯ ಸಭೆಯ ವಿಷಯಪಟ್ಟಿ ಮುಂಚೆಯೇ ಪರಿವೇಶ್‌ನಲ್ಲಿ ಬರುತ್ತದೆ. ಅದನ್ನು ನೋಡುತ್ತಿರುವವರು ಒಬ್ಬರಾದರೂ ಊರಲ್ಲಿರಬೇಕು. ಜನರ ಆಕ್ಷೇಪಣೆಯನ್ನು ಒಪ್ಪಿದ್ದಕ್ಕೋ ಬಿಟ್ಟದ್ದಕ್ಕೋ ಸಮಿತಿ ಕಾರಣ ಬರೆಯಬೇಕು ಎಂದು ದಿಲ್ಲಿ ಹೈಕೋರ್ಟ್ 2009ರಲ್ಲಿ ಗೋವಾದ ಗಣಿಯೊಂದರ ಪ್ರಕರಣದಲ್ಲಿ ಹೇಳಿದೆ. ಕಾರಣವಿಲ್ಲದ ಒಂದು ಸಾಲಿನ ಶಿಫಾರಸು ಕಂಡರೆ ವಕೀಲರಿಗೆ ಈ ತೀರ್ಪನ್ನು ನೆನಪಿಸಿ.

ಅನುಮತಿ ಸಿಕ್ಕರೆ ಅದನ್ನೂ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಪ್ರತಿಯನ್ನು ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ 30 ದಿನ ಪ್ರದರ್ಶಿಸಬೇಕು. ಒಪ್ಪಿಗೆಯಿಲ್ಲದವರು ತಿಳಿದ ದಿನದಿಂದ 30 ದಿನದೊಳಗೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗಬಹುದು. ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ ತಡವನ್ನು ಮನ್ನಿಸುತ್ತಾರೆ, ಅದಕ್ಕಿಂತ ಆಚೆ ಇಲ್ಲ.

ಕೋರ್ಟಿಗೆ ಹೋಗುವ ಊರು ಕಡಿಮೆ. ಹೆಚ್ಚಿನ ಊರಿಗೆ ಉಳಿಯುವುದು ಷರತ್ತುಗಳ ಪಟ್ಟಿಯನ್ನು ಹಿಡಿದು ಕಾಯುವ ಕೆಲಸ. ಷರತ್ತು ಪಾಲಿಸಿದ ವರದಿಯನ್ನು ಕಾರ್ಖಾನೆ ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು, ಅದು ಸಾರ್ವಜನಿಕ ದಾಖಲೆ. ಡಿಸೆಂಬರಿನದು ಹಂಗಾಮು ಶುರುವಾದ ಹೊತ್ತಿಗೆ ಸರಿಯಾಗಿ ಬರುತ್ತದೆ. ಅದೇ ವಾರ ಅದೇ ನಾಲ್ಕು ಬಾವಿಗಳ ನೀರನ್ನು ಅದೇ ರೀತಿ ಹಿಡಿದು ಪರೀಕ್ಷೆಗೆ ಕಳಿಸಿ, ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ಪ್ರಾದೇಶಿಕ ಕಚೇರಿಗೆ ಆವಕ ನಂಬರ್ ಸಮೇತ ಕೊಡಿ. ಜೂನಿನದಕ್ಕೆ ಕಾಯದೆ ಮಳೆಗೆ ಮುಂಚೆ, ಮೇ ಕೊನೆಗೇ ಹೊಂಡದ ಮಟ್ಟದ ಫೋಟೋ ತೆಗೆದಿಡಿ. ಮೊದಲ ದೊಡ್ಡ ಮಳೆಯ ರಾತ್ರಿ ಹಳ್ಳಕ್ಕೆ ಏನಾದರೂ ಬಿಟ್ಟರೆ, ಮರುದಿನ ಹೊಂಡ ಎಷ್ಟು ಇಳಿದಿದೆ ಎಂದು ತೋರಿಸಲು ಅದು ಬೇಕಾಗುತ್ತದೆ.